ಲಿವರ್ ಸಿರೋಸಿಸ್: ಬೇಳೆ, ಮೊಟ್ಟೆ ನಿಲ್ಲಿಸಬೇಕಾ? ಪ್ರೋಟೀನ್ ಪೌಡರ್ ಎಷ್ಟು?

ಪ್ರಶ್ನೆ – ತುಂಗಾತೀರ
ತಂದೆಗೆ 61 ವರ್ಷ, ಸಿರೋಸಿಸ್ (ಲಿವರ್ ಗಾಯಗಟ್ಟಿ ಗಡುಸಾಗೋ ಕಾಯಿಲೆ). ತೂಕ 64 ಕೆಜಿ. ಹೊಟ್ಟೇಲಿ ಮಧ್ಯಮ ಪ್ರಮಾಣದ ನೀರು, ಎರಡೂ ಪಾದಗಳಲ್ಲಿ ಬಾವು. ಹಿಂದೆ ಒಮ್ಮೆ ರಕ್ತದಲ್ಲಿ ಅಮೋನಿಯಾ (ಪ್ರೋಟೀನ್ ಒಡೆದಾಗ ಬರೋ ವಿಷ) ಏರಿ ಮನಸ್ಸಿಗೆ ಗೊಂದಲವಾಗಿತ್ತು. ಈಗ ಲ್ಯಾಕ್ಟುಲೋಸ್ (ಮಲ ಸಡಿಲಿಸೋ ಸಿರಪ್), ಸ್ಪೈರೊನೊಲ್ಯಾಕ್ಟೋನ್ (ಮೂತ್ರ ಹೆಚ್ಚಿಸೋ ಮಾತ್ರೆ) ನಡೀತಿದೆ. ರಕ್ತದಲ್ಲಿನ ಪ್ರೋಟೀನ್ ಆದ ಅಲ್ಬುಮಿನ್ 2.5ಕ್ಕೆ ಇಳಿದಿದೆ. ತೋಳು-ತೊಡೆ ಕರಗ್ತಿವೆ. ನೆಂಟರು ಬೇಳೆ, ಮೊಟ್ಟೆ, ಹಾಲು ಎಲ್ಲಾ ಬಿಡಿಸಿ ಬರೀ ಗಂಜಿ ಕೊಡಿ ಅಂತಾರೆ. ಪೌಡರ್ ಕೊಟ್ಟರೆ ಅಲ್ಬುಮಿನ್ ಏರುತ್ತಾ?

ಉತ್ತರ – ಪಥ್ಯದ ಮನೆ (ಆಹಾರ ತಜ್ಞೆ)
ಬರೀ ಗಂಜಿ ಬೇಡವೇ ಬೇಡ. ಪ್ರೋಟೀನ್ ಕಡಿಮೆಯಾದಷ್ಟೂ ದೇಹ ತನ್ನ ಸ್ನಾಯುವನ್ನೇ ಒಡೆದು ಬಳಸುತ್ತೆ. ಲಿವರ್ ಸೋತಾಗ ಅಮೋನಿಯಾವನ್ನು ಒಂದಿಷ್ಟು ಹೀರಿಕೊಳ್ಳೋದು ಸ್ನಾಯುವೇ. ಅದೂ ಕರಗಿದರೆ ಗೊಂದಲ ಮರುಕಳಿಸೋ ಸಾಧ್ಯತೆ ಹೆಚ್ಚು. 2004ರಲ್ಲಿ ಬಾರ್ಸಿಲೋನಾದ ವೈದ್ಯರು ಗೊಂದಲದಲ್ಲಿದ್ದ ರೋಗಿಗಳ ಒಂದು ಗುಂಪಿಗೆ ಮೊದಲ ದಿನದಿಂದಲೇ ಕೆಜಿಗೆ 1.2 ಗ್ರಾಂ ಪ್ರೋಟೀನ್ ಕೊಟ್ಟು, ಇನ್ನೊಂದು ಗುಂಪಿಗೆ ಸೊನ್ನೆಯಿಂದ ನಿಧಾನಕ್ಕೆ ಏರಿಸಿ ನೋಡಿದರು. ಚೇತರಿಕೆಯಲ್ಲಿ ವ್ಯತ್ಯಾಸ ಇರಲಿಲ್ಲ, ಕಡಿಮೆ ತಿಂದವರಲ್ಲಿ ಸ್ನಾಯು ಒಡೆಯೋದು ಮಾತ್ರ ಜಾಸ್ತಿ ಇತ್ತು.

ಲೆಕ್ಕವನ್ನ 64 ಕೆಜಿಗೆ ಹಾಕಬೇಡಿ, ಅದರಲ್ಲಿ ನೀರಿನ ಭಾರವೂ ಸೇರಿದೆ. ಮಧ್ಯಮ ಜಲೋದರಕ್ಕೆ (ಹೊಟ್ಟೆಯ ನೀರಿಗೆ) ಶೇ. 10, ಪಾದದ ಬಾವಿಗೆ ಶೇ. 5 ಕಳೆದರೆ ಸುಮಾರು 54 ಕೆಜಿ. ಕೆಜಿಗೆ 1.2ರಿಂದ 1.5 ಗ್ರಾಂ ಅಂದರೆ ದಿನಕ್ಕೆ 65–80 ಗ್ರಾಂ ಪ್ರೋಟೀನ್, ಜೊತೆಗೆ ಸುಮಾರು 1,900 ಕ್ಯಾಲೊರಿ. ಕ್ಯಾಲೊರಿ ಸಾಲದಿದ್ದರೆ ಕೊಟ್ಟ ಪ್ರೋಟೀನೂ ಶಕ್ತಿಗಾಗಿ ಉರಿದುಹೋಗುತ್ತೆ.

ಅಡುಗೆಮನೆಯಿಂದಲೇ ಇದು ಸಾಧ್ಯ: ಅರ್ಧ ಲೀಟರ್ ಹಾಲು 16 ಗ್ರಾಂ, ಒಂದು ಬಟ್ಟಲು ಮೊಸರು 6, ಬೇಯಿಸುವ ಮುಂಚೆ ತೂಗಿದ 60 ಗ್ರಾಂ ತೊಗರಿಬೇಳೆ 13, ಎರಡು ಮೊಟ್ಟೆ 12, 50 ಗ್ರಾಂ ಪನೀರ್ 9, ಒಂದು ಹಿಡಿ ಹುರಿಗಡಲೆ 6, ದಿನದ ಅಕ್ಕಿ-ರಾಗಿ-ಗೋಧಿಯಿಂದ 18ರ ಹತ್ತಿರ. ಒಟ್ಟು 80. ತಿಳಿ ಸಾರನ್ನ ಲೆಕ್ಕಕ್ಕೆ ತಗೋಬೇಡಿ, ಬೇಳೆ ತಳದಲ್ಲೇ ಉಳಿದಿರುತ್ತೆ. ಹಾಲು, ಬೇಳೆಯ ಪ್ರೋಟೀನ್ ಇಂಥವರಿಗೆ ಮಾಂಸಕ್ಕಿಂತ ಚೆನ್ನಾಗಿ ಒಗ್ಗುತ್ತೆ.

ಪೌಡರಿಗಿಂತ ಮುಖ್ಯ ರಾತ್ರಿಯದು. ಸಿರೋಸಿಸ್ ಲಿವರಿನಲ್ಲಿ ಗ್ಲೈಕೊಜನ್ (ಕೂಡಿಟ್ಟ ಸಕ್ಕರೆ) ದಾಸ್ತಾನು ಕಡಿಮೆ. ರಾತ್ರಿ ಎಂಟಕ್ಕೆ ಉಂಡು ಬೆಳಿಗ್ಗೆ ಒಂಬತ್ತಕ್ಕೆ ತಿಂಡಿ ಅಂದರೆ ಅಷ್ಟು ಹೊತ್ತೂ ಸ್ನಾಯು ಕರಗ್ತಿರುತ್ತೆ. ಮಲಗೋ ಮುಂಚೆ 50 ಗ್ರಾಂ ಕಾರ್ಬೊಹೈಡ್ರೇಟ್ ಹೊಟ್ಟೆಗೆ ಹೋಗಲಿ: 40 ಗ್ರಾಂ ರಾಗಿ ಹಿಟ್ಟು, 200 ಮಿಲಿ ಹಾಲಿನ ಮಾಲ್ಟ್, ಜೊತೆಗೊಂದು ಬಾಳೆಹಣ್ಣು. ಎದ್ದ ಕೂಡಲೇ ಏನಾದರೂ ತಿನ್ನಲಿ. ಹಗಲಲ್ಲಿ ಮೂರು-ನಾಲ್ಕು ಗಂಟೆ ಮೀರಿ ಖಾಲಿ ಹೊಟ್ಟೆ ಬೇಡ. ಏಕಾದಶಿ, ಶನಿವಾರದ ಒಪ್ಪತ್ತು ಯಾವುದೂ ಬೇಡ.

ಉತ್ತರ – ಡಾ. ಯಕೃತ್
ಅಲ್ಬುಮಿನ್ ತಯಾರಾಗೋದು ಲಿವರಿನಲ್ಲಿ. ಲಿವರ್ ಸೋತಿರೋದರಿಂದ ಅದು ಇಳಿದಿದೆ, ಪೌಡರ್ ಕುಡಿಸಿದ್ದಕ್ಕೆ ಏರಲ್ಲ. ನೀರು ತೆಗೆದಾಗ ಹಾಕುವ ಅಲ್ಬುಮಿನ್ ಬಾಟಲಿಯೂ ರಕ್ತದ ಪ್ರಮಾಣ ಕಾಪಾಡೋಕೆ, ಪೋಷಣೆಗಲ್ಲ. ಊಟ ಕೆಲಸ ಮಾಡ್ತಿದೆಯಾ ಅಂತ ತಿಳಿಯಲು ಕೈಹಿಡಿತದ ಬಲ ನೋಡಿ, ಕುರ್ಚಿಯಿಂದ ಕೈ ಊರದೆ ಏಳ್ತಾರಾ ನೋಡಿ.

ಗೊಂದಲಕ್ಕೆ ಬೇಳೆಯನ್ನ ದೂರೋ ಮುಂಚೆ ಮಲಬದ್ಧತೆ, ಸೋಂಕು, ಕಪ್ಪು ಮಲ (ಒಳಗೆ ರಕ್ತ ಸೋರೋ ಸೂಚನೆ), ನಿದ್ದೆ ಮಾತ್ರೆ, ಅತಿಯಾಗಿ ಮೂತ್ರ ಹೋಗಿ ಆದ ನಿರ್ಜಲತೆ ಇವನ್ನ ಹುಡುಕಬೇಕು. ಲ್ಯಾಕ್ಟುಲೋಸಿನಲ್ಲಿ ದಿನಕ್ಕೆ ಎರಡು-ಮೂರು ಸಲ ಮೆತ್ತಗೆ ಹೋಗಬೇಕು. ನೀರುನೀರಾಗಿ ಐದಾರು ಸಲ ಆದರೆ ಅದೇ ತೊಂದರೆ ತರುತ್ತೆ. ಮಂಪರಿನಲ್ಲಿದ್ದಾಗ ಬಾಯಿಗೆ ಏನೂ ಹಾಕಬೇಡಿ, ಶ್ವಾಸಕ್ಕೆ ಇಳಿಯುತ್ತೆ. ಆಸ್ಪತ್ರೆಗೆ ಕರೆದೊಯ್ಯಿರಿ.

ಉಪ್ಪು ದಿನಕ್ಕೆ ಒಟ್ಟು 5 ಗ್ರಾಂ, ಸಮತಟ್ಟಾದ ಒಂದು ಟೀ ಚಮಚ. ಉಪ್ಪಿನಕಾಯಿ, ಹಪ್ಪಳ, ಚಟ್ನಿಪುಡಿಯದೂ ಅದರಲ್ಲೇ ಬರಬೇಕು. ಪೂರಾ ಸಪ್ಪೆ ಮಾಡಿದರೆ ಊಟವೇ ಸೇರಲ್ಲ, ಆ ನಷ್ಟ ದೊಡ್ಡದು. ನಿಂಬೆ, ಜೀರಿಗೆ, ಬೆಳ್ಳುಳ್ಳಿ ಒಗ್ಗರಣೆ ಧಾರಾಳವಾಗಿ ಬಳಸಿ. 'ಕಡಿಮೆ ಸೋಡಿಯಂ' ಉಪ್ಪು ಮಾತ್ರ ಮನೆಗೆ ತರಬೇಡಿ. ಅದರಲ್ಲಿ ಪೊಟ್ಯಾಸಿಯಂ ಇರುತ್ತೆ, ಸ್ಪೈರೊನೊಲ್ಯಾಕ್ಟೋನ್ ಜೊತೆ ಸೇರಿ ಹೃದಯದ ಬಡಿತ ಕೆಡಿಸಬಹುದು. ರಕ್ತದಲ್ಲಿ ಪೊಟ್ಯಾಸಿಯಂ ಈಗಾಗಲೇ ಏರಿದ್ದರೆ ರಾತ್ರಿಯ ಬಾಳೆಹಣ್ಣಿನ ಬದಲು ಎರಡು ಇಡ್ಲಿ ಕೊಡಿ.

ತುಂಗಾತೀರ
ನಾಲ್ಕು ತುತ್ತಿಗೇ ಹೊಟ್ಟೆ ತುಂಬಿತು ಅಂತಾರೆ. 80 ಗ್ರಾಂ ಹೇಗೆ ಮುಟ್ಟೋದು?

ಪಥ್ಯದ ಮನೆ
ಹೊಟ್ಟೇಲಿ ತುಂಬಿದ ನೀರು ಜಠರವನ್ನ ಒತ್ತುತ್ತೆ, ಅದಕ್ಕೇ ಹಾಗೆ. ಊಟಕ್ಕೆ ಮುಂಚೆ ಕಾಫಿ, ಮಜ್ಜಿಗೆ, ನೀರು ಬೇಡ. ಆರು ಸಣ್ಣ ಊಟ ಮಾಡಿ, ತಟ್ಟೆಯಲ್ಲಿ ಮೊದಲು ಮೊಟ್ಟೆ ಅಥವಾ ಗಟ್ಟಿಬೇಳೆ, ಆಮೇಲೆ ಅನ್ನ. ಪೌಡರ್ ಉಪಯೋಗಕ್ಕೆ ಬರೋದು ಇಲ್ಲೇ. ಮೂರು ದಿನ ತಿಂದದ್ದನ್ನೆಲ್ಲ ಬರೆದಿಡಿ. 50 ಗ್ರಾಂ ಆಗಿದ್ದರೆ ಕೊರತೆಯ 20–25 ಗ್ರಾಂ ಅನ್ನಷ್ಟೇ ಸಾದಾ ವೇ (ಹಾಲಿನ ಪ್ರೋಟೀನ್) ಪೌಡರಿನಿಂದ ತುಂಬಿ, ಎರಡು ಭಾಗ ಮಾಡಿ ಹಾಲಿನಲ್ಲೋ ರಾಗಿ ಅಂಬಲಿಯಲ್ಲೋ ಕಲಸಿ. ಡಬ್ಬಿಯ ಲೇಬಲ್ಲಿನಲ್ಲಿ ಸೋಡಿಯಂ ನೋಡಿ. ಅಶ್ವಗಂಧ, ಅಮೃತಬಳ್ಳಿ, ಗ್ರೀನ್ ಟೀ ಸಾರ ಸೇರಿಸಿದ್ದರೆ ವಾಪಸ್ ಇಡಿ, ಲಿವರಿಗೆ ಪೆಟ್ಟು ಕೊಟ್ಟ ದಾಖಲೆ ಮೂರಕ್ಕೂ ಇದೆ. ಜಿಮ್‌ನವರ ಬಿಸಿಎಎ (ಕವಲು ಸರಪಳಿ ಅಮೈನೊ ಆಮ್ಲ, ಪ್ರೋಟೀನಿನ ಕೆಲವು ತುಣುಕುಗಳು) ಡಬ್ಬಿ ಇದಕ್ಕೆ ಬದಲಿಯಲ್ಲ. ಅದು ಬೇಕೆನಿಸಿದರೆ ವೈದ್ಯರೇ ಬರೆಯುತ್ತಾರೆ, ದಿನಕ್ಕೆ ಕೆಜಿಗೆ 0.25 ಗ್ರಾಂ ಲೆಕ್ಕದಲ್ಲಿ.

ವಾರಗಟ್ಟಲೆ ಏನೂ ತಿನ್ನದವರಾಗಿದ್ದರೆ ಒಮ್ಮೆಗೇ ಏರಿಸಬೇಡಿ, ಫಾಸ್ಫರಸ್, ಪೊಟ್ಯಾಸಿಯಂ ಕುಸಿಯುತ್ತವೆ. ಮೊದಲು ರಕ್ತಪರೀಕ್ಷೆ ಮಾಡಿಸಿ, ನಾಲ್ಕೈದು ದಿನದಲ್ಲಿ ಹಂತಹಂತವಾಗಿ ಪೂರ್ತಿ ಪ್ರಮಾಣಕ್ಕೆ ಬನ್ನಿ.