ಸಕಲೇಶಪುರದ ಫೋರ್ಡ್ ಫ್ಲಾಟ್‌ಹೆಡ್ ಮೇಲೆ ಜನರೇಟರ್ ಬ್ಲೋವರ್ ಕೂರಿಸಬಹುದಾ?

ಚಾಮರಾಜಪೇಟೆ_ಜನರೇಟರ್:

ಎಲ್ಲರಿಗೂ ನಮಸ್ಕಾರ. ನಂದು ಶಾಮಿಯಾನ, ಕುರ್ಚಿ, ಜನರೇಟರ್ ಬಾಡಿಗೆ ವ್ಯಾಪಾರ. ಮದುವೆ ಮನೆಯಲ್ಲಿ ಕರೆಂಟ್ ಹೋದರೆ ಹುಡುಗಿ ತಂದೆ ಮೊದಲು ಬೈಯೋದು ನನ್ನನ್ನೇ. ಹಾಗಾಗಿ ಡೀಸೆಲ್ ಎಂಜಿನ್ ಬಿಚ್ಚಿ ಕಟ್ಟಿ ಕೈ ಪಳಗಿದೆ. ಪೆಟ್ರೋಲ್ ವಿ8 ಮಾತ್ರ ಹೊಸದು.

ವಿಷಯ ಇದು. ನಮ್ಮ ಸೋದರಮಾವನ ಕಾಫಿ ತೋಟ ಸಕಲೇಶಪುರದ ಹತ್ತಿರ ಇದೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ತಾತ ಮಿಲಿಟರಿ ಡಿಸ್ಪೋಸಲ್‌ನಲ್ಲಿ ಒಂದು ಫೋರ್ಡ್ ಲಾರಿ ತಗೊಂಡಿದ್ದರು. ಕೆನಡಾದಲ್ಲಿ ತಯಾರಾದದ್ದು. ನಾಟಾ ಹೊತ್ತು ಹೊತ್ತು ಲಾರಿ ಮುಗಿದುಹೋಯಿತು, ಎಂಜಿನ್ ಮಾತ್ರ ಪಲ್ಪರ್ ಮನೆ ಹಿಂದೆ ತಾರ್ಪಾಲಿನ ಕೆಳಗೆ ಉಳಿದಿತ್ತು. ಹೋದ ದೀಪಾವಳಿಗೆ ಹೋದಾಗ ತಾರ್ಪಾಲು ಎತ್ತಿ ನೋಡಿದೆ. ಒಂದೊಂದು ಹೆಡ್ಡಿಗೂ 24 ಸ್ಟಡ್ (ಹೆಡ್ಡು ಬಿಗಿಯೋ ಬೋಲ್ಟು). ಇದು 239 ಕ್ಯುಬಿಕ್ ಇಂಚಿನ ಫ್ಲಾಟ್‌ಹೆಡ್, ನಮ್ಮ ಲೆಕ್ಕದಲ್ಲಿ 3.9 ಲೀಟರ್. ಮಾವ "ತಗೊಂಡು ಹೋಗು ಮಾರಾಯ, ಅದರೊಳಗೆ ಹಾವಿದೆ" ಅಂದರು. ಹಾವು ಇರಲಿಲ್ಲ, ಬರೀ ಪೊರೆ.

ಇನ್ನೊಂದು ಕಡೆ, ಪೀಣ್ಯದಲ್ಲಿ ಮುಚ್ಚಿದ ಒಂದು ಫ್ಯಾಕ್ಟರಿಯ ಹಳೇ ಸಾಮಾನು ಹರಾಜಿಗೆ ಬಂತು. ಅದರಲ್ಲಿ ಒಂದು ಡೆಟ್ರಾಯ್ಟ್ ಡೀಸೆಲ್ ಜನರೇಟರ್, 4-71. ಕ್ರ್ಯಾಂಕ್ ಹೋಗಿತ್ತು. ಬದಿಯಲ್ಲಿರೋ ಬ್ಲೋವರ್, ಅಂದರೆ ಎಂಜಿನ್ ಒಳಗೆ ಗಾಳಿ ತಳ್ಳೋ ಪಂಪು, ಮಾತ್ರ ಕೈಯಲ್ಲಿ ತಿರುಗಿಸಿದರೆ ಬೆಣ್ಣೆ ಥರ ತಿರುಗುತ್ತೆ. ಗುಜರಿ ರೇಟಿಗೇ ತಂದೆ.

ಇವೆರಡನ್ನೂ ಗೋಡೌನ್‌ನಲ್ಲಿ ಅಕ್ಕಪಕ್ಕ ಇಟ್ಟ ದಿನದಿಂದ ನಿದ್ದೆ ಇಲ್ಲ. ಅಮೆರಿಕದಲ್ಲಿ ಯುದ್ಧ ಮುಗಿಸಿ ಬಂದ ಹುಡುಗರು 1932ರ ಫೋರ್ಡ್‌ಗಳ ಮಡ್‌ಗಾರ್ಡ್ ಕಿತ್ತೆಸೆದು, ಇದೇ ಜಾತಿ ಎಂಜಿನ್ ಕಟ್ಟಿ, ಕ್ಯಾಲಿಫೋರ್ನಿಯಾದಲ್ಲಿ ಒಣಗಿದ ಕೆರೆ ಅಂಗಳದ ಮೇಲೆ ಓಡಿಸುತ್ತಿದ್ದರಲ್ವಾ? (ನಮ್ಮೂರಲ್ಲಿ ಕೆರೆ ಒಣಗಿದರೆ ಲೇಔಟ್ ಆಗುತ್ತೆ, ಅದು ಬೇರೆ ಮಾತು.) ನನಗೆ ಬೇಕಿರೋದು ಆ ಥರದ ಎಂಜಿನ್. ಮೇಲೆ ಬ್ಲೋವರ್, ಅದರ ಮೇಲೆ ಎರಡು ಸ್ಟ್ರಾಂಬರ್ಗ್ 97 ಕಾರ್ಬುರೇಟರ್. ಬಾನೆಟ್ ಬೇಡ.

ಬ್ಲೋವರ್‌ಗೆ ಎಷ್ಟು ದೊಡ್ಡ ಪುಲ್ಲಿ ಹಾಕಲಿ? ಕಂಪ್ರೆಷನ್ ಇಳಿಸಬೇಕಾ? ಬ್ಲಾಕ್ ಬೋರಿಂಗ್‌ಗೆ ಯಾರ ಹತ್ತಿರ ಕೊಡಲಿ? ಆಮೇಲೆ ಆರ್‌ಟಿಒ ಕಥೆ ಏನು?

ಕೆಂಪು_ಸಿಗ್ನಲ್:

ಕೊನೇ ಪ್ರಶ್ನೆಗೆ ಮೊದಲು ಉತ್ತರ: ಆಗಲ್ಲ. ಕಂಪನಿ ಕೊಟ್ಟ ಸ್ಪೆಸಿಫಿಕೇಷನ್ ಬದಲಾಯಿಸಿದ ಗಾಡಿ ರಿಜಿಸ್ಟರ್ ಆಗಲ್ಲ ಅಂತ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲೇ ಹೇಳಿದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಓದಿ. "ವಿಂಟೇಜ್ ಅಂತ ಮಾಡಿಸ್ತೀನಿ" ಅಂತ ಹೊರಡಬೇಡಿ. 2021ರಲ್ಲಿ ಬಂದ ನಿಯಮದಲ್ಲಿ 50 ವರ್ಷ ದಾಟಿದ ಗಾಡಿಗೆ ವಿಎ ನಂಬರ್ ಕೊಡ್ತಾರೆ, ಆದರೆ ಚಾಸಿ, ಬಾಡಿ, ಎಂಜಿನ್ ಮೂಲ ಇದ್ದ ಹಾಗೇ ಇರಬೇಕು.

ಸಿಲ್ಕ್ ಬೋರ್ಡ್‌ನಲ್ಲಿ ಬ್ಲೋವರ್ ಹಾಕಿದ ವಿ8 ನೋಡೋ ಭಾಗ್ಯ ನಮಗಿಲ್ಲ ಬಿಡಿ.

ಚಾಮರಾಜಪೇಟೆ_ಜನರೇಟರ್:

ರಸ್ತೆಗೆ ತರೋ ಆಸೆ ನನಗೂ ಇಲ್ಲ ಸರ್. ಮೊದಲು ಸ್ಟ್ಯಾಂಡ್ ಮೇಲೆ ಓಡಲಿ. ಆಮೇಲೆ ಟಿಂಕರಿಂಗ್ ಮೇಸ್ತ್ರಿ ಹತ್ತಿರ ಒಂದು ಬಾಡಿ ಬಡಿಸಿ ತೋಟದೊಳಗೆ ಓಡಿಸ್ತೀನಿ. ಒಳ್ಳೇ ಸ್ಥಿತಿಯಲ್ಲಿರೋ ಹಳೇ ಫೋರ್ಡ್ ಕಾರು ಸಿಕ್ಕರೂ ನಾನು ಕೊಯ್ಯಲ್ಲ, ಪಾಪ ಸುತ್ತಿಕೊಳ್ಳುತ್ತೆ.

ಬೋರಿಂಗ್_ಮೇಸ್ತ್ರಿ:

ಕಾಮಾಕ್ಷಿಪಾಳ್ಯದಲ್ಲಿ 34 ವರ್ಷದಿಂದ ಬೋರಿಂಗ್, ಹೋನಿಂಗ್ ಮಾಡಿಕೊಂಡಿದ್ದೀನಿ. ಫ್ಲಾಟ್‌ಹೆಡ್ ಫೋರ್ಡ್ ನನ್ನ ಬೆಂಚಿಗೆ ಬಂದಿರೋದು ಐದೋ ಆರೋ. ಅಷ್ಟರಲ್ಲಿ ಕಲಿತದ್ದು ಹೇಳ್ತೀನಿ.

ನೀವು ಪುಲ್ಲಿ ಕೇಳ್ತಾ ಇದ್ದೀರಿ. ಅದು ಕೊನೇ ಮಾತು. ಬ್ಲೋವರ್‌ನ ಗೋಣಿಚೀಲದಲ್ಲಿ ಕಟ್ಟಿ ಮೂಲೆಗಿಡಿ. ಮೊದಲು ಬ್ಲಾಕ್ ಬದುಕಿದೆಯಾ ನೋಡಿ.

ಈ ಎಂಜಿನ್‌ನಲ್ಲಿ ವಾಲ್ವ್ ಹೆಡ್ಡಲ್ಲಿಲ್ಲ, ಬ್ಲಾಕ್‌ನಲ್ಲೇ ಇದೆ. ಸುಟ್ಟ ಗಾಳಿ ಬ್ಲಾಕ್ ಒಳಗೇ, ನೀರಿನ ಜಾಕೆಟ್ ನಡುವೆ ಹಾದು ಹೊರಗೆ ಹೋಗಬೇಕು. ಒಂದೊಂದು ಕಡೆ ನಾಲ್ಕು ಸಿಲಿಂಡರ್, ಆದರೆ ಎಕ್ಸಾಸ್ಟ್ ಬಾಯಿ ಮೂರೇ. ನಡುವಿನ ಎರಡು ಸಿಲಿಂಡರ್‌ಗೆ ಒಂದೇ ಬಾಯಿ. ಒಂದು ಬಚ್ಚಲಿಗೆ ಎರಡು ಸಂಸಾರ ಅಂದುಕೊಳ್ಳಿ. ಅದಕ್ಕೇ ಇದು ಹುಟ್ಟಿನಿಂದಲೇ ಬಿಸಿ ಎಂಜಿನ್. ಅದರ ಮೇಲೆ ನೀವು ಬ್ಲೋವರ್ ಹಾಕ್ತೀನಿ ಅಂತೀರಿ.

ಎಲ್ಲಾ ಬಿಚ್ಚಿ ಬ್ಲಾಕ್‌ನ ಕಾಸ್ಟಿಕ್ ತೊಟ್ಟಿಯಲ್ಲಿ ಕುದಿಸಿ. ಅಷ್ಟಕ್ಕೇ ಸಾಲದು. ನೀರಿನ ಜಾಕೆಟ್‌ಗೆ ಹಳೇ ಕ್ಲಚ್ ಕೇಬಲ್ ತುರುಕಿ, ಡ್ರಿಲ್ ಮಷಿನ್‌ಗೆ ಸಿಕ್ಕಿಸಿ ತಿರುಗಿಸಿ. ತುಕ್ಕಿನ ಜೊತೆ ಎರಕ ಹೊಯ್ದ ಕಾಲದ ಮರಳು ಬರುತ್ತೆ. ಒಂದು ಬ್ಲಾಕ್‌ನಿಂದ ನಾನು ಅರ್ಧ ಬಕೆಟ್ ತೆಗೆದಿದ್ದೀನಿ. ಆ ಗಾಡಿಯವರು ಅದಕ್ಕೆ ಮುಂಚೆ ಮೂರು ರೇಡಿಯೇಟರ್ ಬದಲಾಯಿಸಿದ್ದರು, ಪಾಪ.

ಆಮೇಲೆ ಡೈ ಟೆಸ್ಟ್. ಕೆಂಪು ಬಣ್ಣ ಹೊಡೆದು, ಒರೆಸಿ, ಬಿಳಿ ಪುಡಿ ಹೊಡೆದರೆ ಬಿರುಕಿದ್ದ ಕಡೆ ಕೂದಲೆಳೆ ಥರ ಕೆಂಪು ಗೆರೆ ಏಳುತ್ತೆ. ನೀರಿನ ತೂತಿನಿಂದ ಸ್ಟಡ್ ತೂತಿಗೆ ಚಿಕ್ಕ ಗೆರೆ ಇದ್ದರೆ ತಲೆ ಕೆಡಿಸಿಕೊಳ್ಳಬೇಡಿ, ಈ ಬ್ಲಾಕ್‌ಗಳಲ್ಲಿ ಅದು ಮಾಮೂಲು. ವಾಲ್ವ್ ಸೀಟ್‌ನಿಂದ ಬೋರ್ ಒಳಕ್ಕೆ ಇಳಿದಿದ್ದರೆ ಮಾತ್ರ ಕೂತು ಯೋಚನೆ ಮಾಡಬೇಕು. ಡೈ ಟೆಸ್ಟ್ ಆದಮೇಲೆ ನೀರಿನ ತೂತೆಲ್ಲಾ ಪ್ಲೇಟ್ ಹಾಕಿ ಮುಚ್ಚಿ, ಗಾಳಿ ತುಂಬಿ, ತೊಟ್ಟಿಯಲ್ಲಿ ಮುಳುಗಿಸಿ ಗುಳ್ಳೆ ನೋಡಿ. ಪಂಕ್ಚರ್ ಅಂಗಡಿಯವರು ಟ್ಯೂಬ್ ನೋಡೋ ಹಾಗೇ.

ಇನ್ನು ರಿಂಗ್ ಗ್ಯಾಪ್, ಅಂದರೆ ಪಿಸ್ಟನ್ ರಿಂಗಿನ ಎರಡು ತುದಿ ನಡುವೆ ಬಿಡೋ ಸಂದು. ಇದು ನನ್ನ ಕೈಸುಟ್ಟ ವಿಷಯ.

ಬಹಳ ಹಿಂದೆ ಸ್ನೇಹಿತನೊಬ್ಬನ ಅಂಬಾಸಿಡರ್‌ಗೆ, 1489 ಸಿಸಿ ಪೆಟ್ರೋಲ್ ಎಂಜಿನ್, ಟೊಯೋಟಾದ ಎಸ್‌ಸಿ12 ಬ್ಲೋವರ್ ಕೂರಿಸಿದೆವು. ಕ್ರ್ಯಾಂಕ್ ಪುಲ್ಲಿ, ಬ್ಲೋವರ್ ಪುಲ್ಲಿ ಎರಡೂ ಒಂದೇ ಸೈಜು, ಯಾಕಂದರೆ ಅದು ಕೈಗೆ ಸಿಕ್ಕಿತ್ತು. ರಿಂಗ್ ಗ್ಯಾಪ್ 12 ಥೌ ಬಿಟ್ಟೆ (ಒಂದು ಥೌ ಅಂದರೆ ಇಂಚಿನಲ್ಲಿ ಸಾವಿರದ ಒಂದು ಭಾಗ). ಬ್ಲೋವರ್ ಇಲ್ಲದ ಎಂಜಿನ್‌ಗೆ ಅದು ಸರಿ. ಬೆಳಗ್ಗೆ ಐದಕ್ಕೆ ನಂದಿಬೆಟ್ಟಕ್ಕೆ ಹೊರಟೆವು. ದೇವನಹಳ್ಳಿವರೆಗೂ ಗಾಡಿ ಹಕ್ಕಿ. ಬೆಟ್ಟ ಹತ್ತುವಾಗ ಅರ್ಧದಲ್ಲಿ ಟಿಕ್ ಅಂತ ಒಂದು ಸದ್ದು, ಅಷ್ಟೇ. ಹಿಂದೆ ನೋಡಿದರೆ ಮಂಜೋ ಹೊಗೆಯೋ ಗೊತ್ತಾಗಲಿಲ್ಲ. ಹೊಗೆ.

ಹೆಡ್ಡು ತೆಗೆದಾಗ ಮೂರನೇ ಪಿಸ್ಟನ್‌ನ ಮೇಲಿನ ಅಂಚು ಉಗುರು ಕಚ್ಚಿದ ಹಾಗೆ ಒಂದು ಕಡೆ ಮಾಯ. ರಿಂಗಿನ ಎರಡೂ ತುದಿ ಕನ್ನಡಿ ಥರ ಹೊಳೀತಿತ್ತು. ಅಂದರೆ ಬಿಸಿಗೆ ರಿಂಗ್ ಹಿಗ್ಗಿ ತುದಿಗೆ ತುದಿ ಬಂದು ಗುದ್ದಿದೆ. ಹೋಗೋಕೆ ಜಾಗ ಇಲ್ಲದೆ ಬೋರ್‌ನ ಕಚ್ಚಿಕೊಂಡು ಪಿಸ್ಟನ್‌ನ ಒಡೆದಿದೆ. ಆ ಪಿಸ್ಟನ್ ಇವತ್ತಿಗೂ ನನ್ನ ಮೇಜಿನ ಮೇಲೆ ಬಿಲ್ಲು ಹಾರದ ಹಾಗೆ ಇಟ್ಟುಕೊಂಡಿದ್ದೀನಿ. ತಪ್ಪು ಪೂರ್ತಿ ನನ್ನದೇ.

ಬ್ಲೋವರ್ ಎಂಜಿನ್‌ಗೆ ಒಂದಿಂಚು ಬೋರ್‌ಗೆ 6 ಥೌ ಹಿಡೀರಿ. ನಿಮ್ಮದು 3 3/16 ಇಂಚಿನ ಬೋರ್, ಮೇಲಿನ ರಿಂಗ್‌ಗೆ 19 ಥೌ ಬರುತ್ತೆ. ರಿಂಗ್‌ನ ಬೋರ್ ಒಳಗಿಟ್ಟು, ತಲೆಕೆಳಗಾದ ಪಿಸ್ಟನ್‌ನಿಂದ ಒಂದಿಂಚು ತಳ್ಳಿ ನೇರ ಕೂರಿಸಿ, ಫೀಲರ್ ಗೇಜ್ ಹಾಕಿ ನೋಡಿ. ಎಂಟಕ್ಕೆ ಎಂಟೂ ನೋಡಿ. ಜಾಸ್ತಿ ಗ್ಯಾಪ್ ಬಿಟ್ಟರೆ ಸ್ವಲ್ಪ ಎಣ್ಣೆ ಕುಡಿಯುತ್ತೆ, ಕುಡೀಲಿ.

ಕಂಪ್ರೆಷನ್ ಇಳಿಸೋದು ಬೇಡ. ಆ ಕಾಲದ ಎಂಜಿನ್, ಹೇಗೂ ಆರೂವರೆ ಏಳರೊಳಗೇ ಇದೆ. ವಾಲ್ವ್ ಎತ್ತೋ ಕ್ಯಾಮ್ ಕಂಪನಿದೇ ಸಾಕು. ಕ್ರ್ಯಾಂಕ್ ನಿಂತಿರೋದು ಮೂರೇ ಮೇನ್ ಬೇರಿಂಗ್ ಮೇಲೆ ಅನ್ನೋದು ನೆನಪಿರಲಿ. ಜಾಸ್ತಿ ಸುತ್ತು ಓಡಿಸೋ ಎಂಜಿನ್ ಅಲ್ಲ ಇದು.

ಲೆಕ್ಕದ_ಮೇಡಂ:

ಮೇಸ್ತ್ರಿಗಳು ಬ್ಲಾಕ್ ನೋಡಿಕೊಂಡರು, ನಾನು ಪುಲ್ಲಿ ಲೆಕ್ಕ ಹಾಕ್ತೀನಿ.

4-71 ಅಂದರೆ ನಾಲ್ಕು ಸಿಲಿಂಡರ್, ಒಂದೊಂದು 71 ಕ್ಯುಬಿಕ್ ಇಂಚು. ಅದು ಟೂ ಸ್ಟ್ರೋಕ್ ಡೀಸೆಲ್. ತಾನೇ ಗಾಳಿ ಎಳೆಯೋ ಸ್ಟ್ರೋಕ್ ಅದಕ್ಕಿಲ್ಲ, ಅದಕ್ಕೇ ಬ್ಲೋವರ್ ಇಟ್ಟಿರೋದು. ಒಂದು ಸುತ್ತಿಗೆ ಸುಮಾರು ನಾಲ್ಕೂವರೆ ಲೀಟರ್ ಗಾಳಿ ತಳ್ಳುತ್ತೆ. ನಿಮ್ಮ ಫ್ಲಾಟ್‌ಹೆಡ್ ಫೋರ್ ಸ್ಟ್ರೋಕ್, ಒಂದು ಸುತ್ತಿಗೆ ನುಂಗೋದು 3.9ರಲ್ಲಿ ಅರ್ಧ, 1.95 ಲೀಟರ್. ಒಂದಕ್ಕೆ ಒಂದು ಪುಲ್ಲಿ ಹಾಕಿದರೆ ಎರಡು ಕಾಲು ಪಟ್ಟಿಗಿಂತ ಜಾಸ್ತಿ ಗಾಳಿ ತುರುಕಿದ ಹಾಗೆ. ಸುಮಾರು 17 ಪಿಎಸ್ಐ ಬೂಸ್ಟ್, ಅಂದರೆ ಹೊರಗಿನ ಗಾಳಿಗಿಂತ ಅಷ್ಟು ಹೆಚ್ಚಿನ ಒತ್ತಡ. ಮೇಸ್ತ್ರಿಗಳ ಮೇಜಿಗೆ ಇನ್ನೂ ಎಂಟು ಪಿಸ್ಟನ್ ಸಿಗುತ್ತೆ.

ಇನ್ನೊಂದು, ಬೆಂಗಳೂರು ಇರೋದು 900 ಮೀಟರ್‌ಗೂ ಮೇಲೆ. ಇಲ್ಲಿ ಗಾಳಿಯ ಒತ್ತಡವೇ ಸುಮಾರು 13.2 ಪಿಎಸ್ಐ. ಸಮುದ್ರ ಮಟ್ಟದಲ್ಲಿ 14.7. ಅಂದರೆ ಬ್ಲೋವರ್ ಕೊಡೋ ಮೊದಲ ಒಂದೂವರೆ ಪಿಎಸ್ಐ ಮಂಗಳೂರಲ್ಲಿ ಪುಕ್ಕಟೆ ಸಿಗೋ ಗಾಳಿಯೇ. ಸಕಲೇಶಪುರವೂ ಹೆಚ್ಚುಕಡಿಮೆ ಇಷ್ಟೇ ಎತ್ತರ, ಅಲ್ಲಿಗೆ ಹೋದರೂ ಇದೇ ಲೆಕ್ಕ.

5 ಪಿಎಸ್ಐ ಬೇಕು ಅಂದರೆ 18.2ನ್ನು 13.2ರಿಂದ ಭಾಗಿಸಿ, 1.38 ಬರುತ್ತೆ. 1.95 ಲೀಟರ್‌ಗೆ ಗುಣಿಸಿದರೆ 2.7 ಲೀಟರ್. ನಾಲ್ಕೂವರೆಯಿಂದ ಭಾಗಿಸಿದರೆ 0.6. ಕ್ರ್ಯಾಂಕ್‌ಗೆ 6 ಇಂಚಿನ ಪುಲ್ಲಿ, ಬ್ಲೋವರ್‌ಗೆ 10 ಇಂಚಿನದು. ನಾನಾದರೆ 11 ಇಂಚಿನಿಂದ ಶುರು ಮಾಡ್ತಿದ್ದೆ, ಮೂರೂವರೆ ಪಿಎಸ್ಐ ಬರುತ್ತೆ. ಬ್ಲೋವರ್‌ನಲ್ಲಿ ಸ್ವಲ್ಪ ಸೋರುತ್ತೆ, ಬಿಸಿಯೂ ಆಗುತ್ತೆ, ಹಾಗಾಗಿ ಇದು ಅಂದಾಜು. ಗೇಜ್ ಹೇಳಿದ್ದೇ ಕೊನೆ.

ಜನರೇಟರ್‌ನಲ್ಲಿ ಈ ಬ್ಲೋವರ್ ಕ್ರ್ಯಾಂಕ್‌ನ ಸುಮಾರು ಎರಡರಷ್ಟು ವೇಗದಲ್ಲಿ ತಿರುಗುತ್ತಿತ್ತು. ನಿಮ್ಮಲ್ಲಿ ಅದಕ್ಕಿಂತ ಕಡಿಮೆ ಕೆಲಸ, ಪಿಂಚಣಿ ಜೀವನ. ಆದರೆ ಒಂದು ಕಡೆ ಎಡವಬೇಡಿ: ಡೀಸೆಲ್‌ಗೆ ಥ್ರಾಟಲ್ ಇಲ್ಲ. ನೀವು ಮೇಲೆ ಕಾರ್ಬುರೇಟರ್ ಕೂರಿಸಿ ಕಾಲು ತೆಗೆದ ಕೂಡಲೇ ಬ್ಲೋವರ್ ಒಳಗೆ ವ್ಯಾಕ್ಯೂಮ್ ಆಗುತ್ತೆ. ಗೇರ್ ಇರೋ ಕಡೆಯಿಂದ ಎಣ್ಣೆಯನ್ನ ಒಳಗೆ ಎಳ್ಕೊಳ್ಳುತ್ತೆ. ಹಳೇ ಸೀಲ್ ಬಿಟ್ಟರೆ ತಿಂಡಿ ಕರಿದ ಹಾಗೆ ಹೊಗೆ. ವ್ಯಾಕ್ಯೂಮ್ ತಡೆಯೋ ಸೀಲ್ ಹಾಕಿಸಿ. ಮ್ಯಾನಿಫೋಲ್ಡ್‌ನಲ್ಲಿ ಒತ್ತಡ ಏರಿದರೆ ತಾನೇ ತೆರೆದುಕೊಳ್ಳೋ, ಸ್ಪ್ರಿಂಗ್ ಇರೋ ಪಾಪ್ ಆಫ್ ವಾಲ್ವ್ ಕಡ್ಡಾಯ. ಬ್ಲೋವರ್ ಒಳಗೆ ಇರೋದು ಬರೀ ಗಾಳಿ ಅಲ್ಲ, ಪೆಟ್ರೋಲ್ ಬೆರೆತ ಗಾಳಿ. ಒಂದು ಬ್ಯಾಕ್‌ಫೈರ್ ಆದರೆ ಬ್ಲೋವರ್ ಗೋಡೌನ್ ಶೀಟಿಗೆ ತಾಗುತ್ತೆ.

ಈಗ ಬಂಕ್‌ನಲ್ಲಿ ಸಿಗೋ ಪೆಟ್ರೋಲ್‌ನಲ್ಲಿ 20 ಭಾಗ ಎಥನಾಲ್. ಹಳೇ ರಬ್ಬರ್ ಪೈಪ್, ಡಯಾಫ್ರಾಮ್ ಎಲ್ಲಾ ಬದಲಾಯಿಸಿ. ಜೆಟ್ ಕೂಡ ಸ್ವಲ್ಪ ದೊಡ್ಡದು ಬೇಕು.

ಚಾಮರಾಜಪೇಟೆ_ಜನರೇಟರ್:

ಮೇಡಂ, ಡಿಸ್ಟ್ರಿಬ್ಯೂಟರ್ ಮುಂದೆ ಕ್ಯಾಮ್ ತುದಿಗೇ ಬೋಲ್ಟ್ ಆಗಿದೆ. 11 ಇಂಚಿನ ಪುಲ್ಲಿಯಿಂದ ಬೆಲ್ಟ್ ಇಳಿದರೆ ಅದಕ್ಕೇ ಉಜ್ಜುತ್ತೆ ಅನಿಸುತ್ತೆ. ರಟ್ಟಿನಲ್ಲಿ ಪುಲ್ಲಿ ಕತ್ತರಿಸಿ, ಶಾಮಿಯಾನ ಹಗ್ಗ ಸುತ್ತಿ ನೋಡಿದೆ. ಬ್ಲೋವರ್ ಒಂದೂವರೆ ಇಂಚು ಮುಂದೆ ತಂದರೆ ಬಿಡುತ್ತೆ.

ಲೆಕ್ಕದ_ಮೇಡಂ:

ಮುಂದೆ ತನ್ನಿ, ಆದರೆ ಕ್ರ್ಯಾಂಕ್ ಪುಲ್ಲಿಯನ್ನೂ ಅಷ್ಟೇ ಮುಂದೆ ತರಬೇಕು. ಬೆಲ್ಟ್ ಬಿಗಿ ಜಾಸ್ತಿ ಮಾಡಬೇಡಿ, ಮುಂದಿನ ಮೇನ್ ಬೇರಿಂಗ್ ಮೇಲೆ ಬೀಳುತ್ತೆ. ಹಗ್ಗದ ಐಡಿಯಾ ಚೆನ್ನಾಗಿದೆ.

ಚಾಮರಾಜಪೇಟೆ_ಜನರೇಟರ್:

ಮೂರು ವಾರ ಆಯಿತು, ಆಷಾಢ ಅಲ್ವಾ, ಮದುವೆ ಇಲ್ಲ, ಕೈ ಖಾಲಿ. ಬ್ಲಾಕ್ ಕುದಿಸಿದೆ. ಮೇಸ್ತ್ರಿಗಳೇ, ನಿಮ್ಮದು ಅರ್ಧ ಬಕೆಟ್, ನನ್ನದು ಮುಕ್ಕಾಲು. ಮರಳಿನ ಜೊತೆ ಎರಕದ ತಂತಿ ತುಂಡೂ ಬಂತು, ಗೇಣುದ್ದ.

ಡೈ ಟೆಸ್ಟ್ ನಿನ್ನೆ ಮಾಡಿದೆ. ಬಿಳಿ ಪುಡಿ ಒಣಗೋವರೆಗೂ ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಕೂತಿದ್ದೆ. ನೀರಿನ ತೂತಿನಿಂದ ಸ್ಟಡ್‌ಗೆ ಮೂರು ಕಡೆ ಗೆರೆ ಇದೆ, ಅದನ್ನ ಬಿಟ್ಟೆ. ಆರನೇ ಸಿಲಿಂಡರ್‌ನಲ್ಲಿ ಎಕ್ಸಾಸ್ಟ್ ಸೀಟ್‌ನಿಂದ ಒಂದು ಗೆರೆ ಹೊರಟು ಬೋರ್ ಅಂಚು ದಾಟಿ ಒಳಗೆ ಇಳಿದಿದೆ, ಅರ್ಧ ಉಗುರಿನಷ್ಟು. ಉಳಿದ ಏಳೂ ಸ್ವಚ್ಛ. ಎಸೀಲಾ, ಇಟ್ಟುಕೊಳ್ಳಲಾ?

ಬೋರಿಂಗ್_ಮೇಸ್ತ್ರಿ:

ಎಸೀಬೇಡಿ. ಆರನೇದಕ್ಕೆ ಲೈನರ್ (ಬೋರ್ ಒಳಗೆ ಕೂರೋ ಹೊಸ ಕೊಳವೆ) ಹೊಡೆದು, ಆ ಸೀಟ್‌ಗೆ ಇನ್ಸರ್ಟ್ (ಹೊಸ ಬಳೆ) ಹಾಕೋಣ. ಅದಾದ ಮೇಲೆ ಗಾಳಿ ತುಂಬಿ ಮತ್ತೆ ಮುಳುಗಿಸಿ ನೋಡಬೇಕು, ಗುಳ್ಳೆ ಬಂದರೆ ಆಗ ಮಾತಾಡೋಣ. ಬ್ಲಾಕ್ ತರುವಾಗ ಮೂರು ಮೇನ್ ಬೇರಿಂಗ್ ಕ್ಯಾಪ್‌ನ ಚೀಲದಲ್ಲಿ ಹಾಕಿ ತರಬೇಡಿ. ಅವುಗಳ ಜಾಗದಲ್ಲೇ ಬೋಲ್ಟ್ ಬಿಗಿ ಮಾಡಿ ತನ್ನಿ. ಬುಧವಾರ ಬನ್ನಿ, ಮಧ್ಯಾಹ್ನ ಎರಡರ ಮೇಲೆ. ಬೆಳಗ್ಗೆ ಕರೆಂಟ್ ಇರಲ್ಲ ಅಂತ ಮೆಸೇಜ್ ಬಂದಿದೆ.

ಚಾಮರಾಜಪೇಟೆ_ಜನರೇಟರ್:

ಬೆಳಗ್ಗೇನೇ ಬರ್ತೀನಿ ಮೇಸ್ತ್ರಿಗಳೇ. ಜನರೇಟರ್ ನಾನೇ ತರ್ತೀನಿ.