ಸೀಸದ ತ್ಯಾಜ್ಯ ಹೂಳೋ ಮುಂಚೆ 0.75ಕ್ಕೆ ಇಳಿಸಲೇಬೇಕಾ?

ಕರಿಬೆಕ್ಕು: ಅಮೆರಿಕದ ಅಪಾಯಕಾರಿ ತ್ಯಾಜ್ಯದ ನಿಯಮ ಓದುತ್ತಿದ್ದೆ. ಒಂದು ವಿಷಯ ತಲೆಗೆ ಹತ್ತಲಿಲ್ಲ. ಟಿಸಿಎಲ್‌ಪಿ ಅನ್ನೋ ಸೋರಿಕೆ ಪರೀಕ್ಷೆಯಲ್ಲಿ ತ್ಯಾಜ್ಯದಿಂದ ಲೀಟರಿಗೆ 5 ಮಿಲಿಗ್ರಾಂ ಸೀಸ ಬಿಟ್ಟುಕೊಂಡರೆ ಅದು ಅಪಾಯಕಾರಿ. 4.9 ಬಂದರೆ ಅಲ್ಲ, ಮಾಮೂಲಿ ಲ್ಯಾಂಡ್‌ಫಿಲ್‌ಗೆ ಹೋಗಬಹುದು. ಆದರೆ 5.1 ಬಂದವನು 4.9ಕ್ಕೆ ಇಳಿಸಿದರೆ ಸಾಲದು. 0.75ಕ್ಕೆ ಇಳಿಸಬೇಕು. ಎರಡು ಲೈನರ್ (ನೀರು ಸೋರದ ಹಾಸು) ಹಾಸಿ, ಸೋರಿದ ನೀರು ಹಿಡಿಯೋ ಪೈಪು ಹಾಕಿದ ಗುಂಡಿಗೇ ಹಾಕುತ್ತೇನೆ ಅಂದರೂ ಬಿಡಲ್ಲ. ಸುಮ್ನೆ ದುಡ್ಡು ದಂಡ ಅಲ್ವಾ?

ವಸುಧಾ: "ಎರಡು ಲೈನರ್" ಅಂದಿರಿ. ಲೈನರ್ ಶಾಶ್ವತ ಅಂತ ಯಾರು ಹೇಳಿದ್ದು? 1984ರಲ್ಲಿ ಅಮೆರಿಕದ ಕಾಂಗ್ರೆಸ್ ಕಾನೂನು ಬಿಗಿ ಮಾಡಿದಾಗ ಎರಡು ಲೈನರ್ ಹಾಕಿ ಅಂತಲೂ ಹೇಳಿತು, ನೆಲದಲ್ಲಿ ಹೂಳೋದು ಎಲ್ಲಕ್ಕಿಂತ ಕೊನೆಯ ದಾರಿ ಅಂತಲೂ ಬರೆಯಿತು. ಎರಡೂ ಒಂದೇ ಕಾನೂನಿನಲ್ಲಿ. ಲೈನರ್ ಸಾಕು ಅನ್ನಿಸಿದ್ದರೆ ಎರಡನೇ ಮಾತು ಬರೆಯುತ್ತಿರಲಿಲ್ಲ. ನ್ಯೂಯಾರ್ಕ್ ರಾಜ್ಯದ ಲವ್ ಕೆನಾಲ್ ಮರೆತುಬಿಟ್ಟಿರಾ?

ಕರಿಬೆಕ್ಕು: ಲವ್ ಕೆನಾಲ್‌ನಲ್ಲಿ ಲೈನರ್ ಎಲ್ಲಿತ್ತು ಮೇಡಂ? 1940ರ ದಶಕದಿಂದ 1953ರವರೆಗೆ ಹಳೇ ಕಾಲುವೆಗೆ ರಾಸಾಯನಿಕ ಸುರಿದು ಮಣ್ಣು ಮುಚ್ಚಿದರು. 1978ರಲ್ಲಿ ತುರ್ತುಪರಿಸ್ಥಿತಿ ಘೋಷಿಸಿದರು. ಅದನ್ನು ಇವತ್ತಿನ ಗುಂಡಿಯ ಪಕ್ಕದಲ್ಲಿ ಇಟ್ಟು ಹೆದರಿಸಬೇಡಿ.

ಕಾನೂನುಕಟ್ಟೆ: ಹೆದರಿಕೆಯ ಪ್ರಶ್ನೆಯೇ ಅಲ್ಲ. ಕಾನೂನು ಕೇಳೋದು ಇಷ್ಟು: ವಿಷ ಗಣನೀಯವಾಗಿ ಕಡಿಮೆಯಾಗಬೇಕು, ಇಲ್ಲವೇ ಅದು ಹೊರಗೆ ಹರಿಯೋ ಸಾಧ್ಯತೆ ಕಡಿಮೆಯಾಗಬೇಕು. ಜನಕ್ಕೂ ಪರಿಸರಕ್ಕೂ ಇರೋ ಅಪಾಯ ಆದಷ್ಟು ತಗ್ಗಬೇಕು. 5 ಅನ್ನೋದು ಬಲೆಗೆ ಬೀಳೋ ಗಡಿ. 0.75 ಒಳ್ಳೆಯ ತಂತ್ರಜ್ಞಾನ ಮುಟ್ಟಬಲ್ಲ ಮಟ್ಟ. ಎರಡಕ್ಕೂ ಕೆಲಸ ಬೇರೆ. ಗಡಿಯಿಂದ ಕೆಳಗಿಳಿದ ಮಾತ್ರಕ್ಕೆ ಸಂಸ್ಕರಣೆ ಮುಗಿಯಲ್ಲ ಅಂತ 1992ರಲ್ಲಿ ವಾಷಿಂಗ್ಟನ್ ಡಿ.ಸಿ.ಯ ಮೇಲ್ಮನವಿ ನ್ಯಾಯಾಲಯವೂ ಹೇಳಿದೆ.

ಕರಿಬೆಕ್ಕು: "ಮುಟ್ಟಬಲ್ಲ ಮಟ್ಟ"! ಸೀಸಕ್ಕೆ 1994ರಲ್ಲಿ 0.37 ಅಂದಿದ್ದರು, 1998ರಲ್ಲಿ 0.75 ಮಾಡಿದರು. ನಾಲ್ಕು ವರ್ಷದಲ್ಲಿ ದುಪ್ಪಟ್ಟು. ತಂತ್ರಜ್ಞಾನ ಹಿಂದಕ್ಕೆ ಹೋಯಿತಾ?

ನಾಲ್ಕನೇ ಗೇರ್: ತಂತ್ರಜ್ಞಾನ ಅಂತೆ! ಸೀಸ ಸುಟ್ಟರೆ ಹೋಗಲ್ಲ, ಕೊಳೆತರೂ ಹೋಗಲ್ಲ. ಮಾಡೋದೇನು? ಸಿಮೆಂಟು, ಸುಣ್ಣ ಕಲಸಿ ಗಟ್ಟಿ ಮಾಡೋದು. ಹಾಲಿಗೆ ನೀರು ಬೆರೆಸಿ ಕೊಬ್ಬು ಕಡಿಮೆಯಾಯಿತು ಅನ್ನೋ ಲೆಕ್ಕ. ಸೀಸ ಅಷ್ಟೇ ಇರುತ್ತೆ, ಕಸದ ತೂಕ ಜಾಸ್ತಿ ಆಗುತ್ತೆ. ಪರೀಕ್ಷೆ ಪಾಸ್. ನೀವು ಇಲ್ಲಿ ಕೋರ್ಟು ಕಚೇರಿ ಅಂತ ಕೂತಿದ್ದೀರಿ.

ಲ್ಯಾಬ್‌ಕೋಟು: ಹಾಲಿನ ಉದಾಹರಣೆ ಪೂರ್ತಿ ತಪ್ಪು. ಲೆಕ್ಕ ಹಾಕಿ ನೋಡಿ. ಸಂಸ್ಕರಿಸದ ತ್ಯಾಜ್ಯ ಲೀಟರಿಗೆ 80 ಮಿಲಿಗ್ರಾಂ ಸೀಸ ಬಿಡುತ್ತೆ ಅಂದುಕೊಳ್ಳಿ. ನೂರು ಕಿಲೋಗೆ ಇಪ್ಪತ್ತು ಕಿಲೋ ಸಿಮೆಂಟ್ ಹಾಕಿದಿರಿ. ಬರೀ ತೂಕ ಹೆಚ್ಚಿದ್ದರಿಂದ ಇಳಿಯೋದು ಸುಮಾರು 67ಕ್ಕೆ. 0.75 ಮುಟ್ಟಬೇಕಾದರೆ ನೂರು ಪಟ್ಟಿಗಿಂತ ಜಾಸ್ತಿ ಇಳಿಯಬೇಕು. ಅಷ್ಟು ಸಿಮೆಂಟ್ ಯಾರೂ ಹಾಕಲ್ಲ. ಅಲ್ಲಿ ಕೆಲಸ ಮಾಡೋದು ರಸಾಯನ. ಸೀಸ ಕರಗದ ರೂಪಕ್ಕೆ ತಿರುಗುತ್ತೆ.

ನಾಲ್ಕನೇ ಗೇರ್: "ಸುಮಾರು 67". ಅಂದರೆ ತೂಕದಿಂದಲೂ ಇಳಿಯುತ್ತೆ ಅಂತ ನೀವೇ ಒಪ್ಪಿದಿರಿ. ಧನ್ಯವಾದ.

ಲ್ಯಾಬ್‌ಕೋಟು: ಅಯ್ಯೋ ದೇವರೇ.

ಕಾನೂನುಕಟ್ಟೆ: ನಿಯಮದಲ್ಲೇ ಇದೆ: ಸಂಸ್ಕರಣೆಗೆ ಬದಲಾಗಿ ಏನನ್ನಾದರೂ ಬೆರೆಸಿ ಪ್ರಮಾಣ ತಗ್ಗಿಸೋ ಹಾಗಿಲ್ಲ. ಸಿಮೆಂಟಿಗೆ ಒಪ್ಪಿಗೆ ಸಿಕ್ಕಿರೋದು ಅದು ಬರೀ ತೂಕ ಅಲ್ಲ ಅನ್ನೋ ಕಾರಣಕ್ಕೇ.

ಸುಮ್ನಿರೋನು: ಹಾಗಾದರೆ ಕಬ್ಬಿಣದ ಪುಡಿ ಕಥೆ ಹೇಳಿ ಸಾರ್. ಅದೂ ರಸಾಯನವೇ ಅಲ್ವಾ? 😀

ನಾಲ್ಕನೇ ಗೇರ್: ಹಾ! ಅದನ್ನೇ ಹೇಳೋಣ ಅಂತಿದ್ದೆ. ಫೌಂಡ್ರಿಯವರು ಸೀಸ ಸೇರಿದ ಮರಳಿಗೆ ಕಬ್ಬಿಣದ ಪುಡಿ ಬೆರೆಸುತ್ತಿದ್ದರು. ಪರೀಕ್ಷೆಯಲ್ಲಿ ಸೀಸ ಕಾಣಿಸುತ್ತಲೇ ಇರಲಿಲ್ಲ. ಪಾಸ್! 1998ರಲ್ಲಿ ಅಮೆರಿಕದ ಪರಿಸರ ಸಂಸ್ಥೆ ಇಪಿಎ ಅದನ್ನು ನಿಷೇಧಿಸಿತು. ಅಲ್ಲಿವರೆಗೆ ಎಷ್ಟು ಲೋಡ್ ಹೂತರೋ. ಇವತ್ತು ಸಿಮೆಂಟ್ ಸರಿ ಅನ್ನೋರು ನಾಳೆ ಏನು ಹೇಳುತ್ತಾರೆ?

ಲ್ಯಾಬ್‌ಕೋಟು: ಎರಡನ್ನೂ ಒಂದೇ ಬುಟ್ಟಿಗೆ ಹಾಕಬೇಡಿ. ಪರೀಕ್ಷೆ ನಡೆಯೋ ಹದಿನೆಂಟು ಗಂಟೆ ಹೊತ್ತು ಲೋಹರೂಪದ ಕಬ್ಬಿಣ ಕರಗಿದ ಸೀಸವನ್ನು ತನ್ನ ಮೈಮೇಲೆ ಎಳೆದುಕೊಳ್ಳುತ್ತೆ. ಗುಂಡಿಯಲ್ಲಿ ಕಬ್ಬಿಣ ತುಕ್ಕು ಹಿಡಿದ ಮೇಲೆ ಆ ಹಿಡಿತ ಉಳಿಯಲ್ಲ, ಸೀಸ ಮತ್ತೆ ಸೋರುತ್ತೆ. ಅಂದರೆ ಪರೀಕ್ಷೆಗೆ ಮಾತ್ರ ಮೋಸ. ಅದಕ್ಕೇ ನಿಷೇಧ. ಫಾಸ್ಫೇಟ್ ಹಾಕಿದರೆ ಆಗೋ ಸೀಸದ ಖನಿಜ ಹಾಗಲ್ಲ, ಅದು ನಿಜಕ್ಕೂ ಕರಗೋದು ತೀರಾ ಕಡಿಮೆ.

ನಾಲ್ಕನೇ ಗೇರ್: "ಪರೀಕ್ಷೆಗೆ ಮಾತ್ರ ಮೋಸ". ಈ ಮಾತು ಹಿಡಿದುಕೊಳ್ಳಿ ಎಲ್ಲರೂ. ಸುಣ್ಣ ಮಾಡೋದೂ ಅದೇ. ಸೀಸ ಆಮ್ಲದಲ್ಲೂ ಕರಗುತ್ತೆ, ಜೋರು ಕ್ಷಾರದಲ್ಲೂ ಕರಗುತ್ತೆ. ನಡುವೆ, ಪಿಎಚ್ 9, 10ರ ಹತ್ತಿರ, ಕರಗೋದು ಕಡಿಮೆ. ಸುಣ್ಣ ಸುರಿದ ಕಸಕ್ಕೆ ಪರೀಕ್ಷೆಯ ಆಮ್ಲ ಬಿದ್ದಾಗ ಪಿಎಚ್ ಸರಿಯಾಗಿ ಆ ಜಾಗಕ್ಕೆ ಬಂದು ನಿಂತರೆ ಸೀಸ ಕಾಣಿಸಲ್ಲ. ಗುಂಡಿಯಲ್ಲಿ ಅಷ್ಟು ಆಮ್ಲ ಇಲ್ಲದಿದ್ದರೆ? ಪಿಎಚ್ 12ರಲ್ಲೇ ಇದ್ದರೆ?

ವಸುಧಾ: ಅಂದರೆ ಸಂಸ್ಕರಣೆಯೇ ಬೇಡ ಅಂತೀರಾ?

ನಾಲ್ಕನೇ ಗೇರ್: ನಾನು ಎಲ್ಲಿ ಹಾಗೆ ಅಂದೆ? ತೋರಿಸಿ. ಒಂದು ಸಾಲು ತೋರಿಸಿ.

ವಸುಧಾ: ಮೇಲೆ ಹಾಲು ನೀರು ಅಂತ ಬರೆದಿದ್ದು ಇನ್ಯಾರು, ನಾನಾ?

ಲ್ಯಾಬ್‌ಕೋಟು: ಸುಣ್ಣ ಜಾಸ್ತಿ ಸುರಿಯೋದು ಕೆಟ್ಟ ಕೆಲಸಗಾರನ ತಪ್ಪು. ಅಳೆದು ಹಾಕಿದರೆ ಆ ಸಮಸ್ಯೆ ಬರಲ್ಲ. ಬೇರೆ ಬೇರೆ ಪಿಎಚ್‌ನಲ್ಲಿ ಸೋರಿಸಿ ನೋಡೋ ಪರೀಕ್ಷೆಗಳೂ ಇವೆ.

ನಾಲ್ಕನೇ ಗೇರ್: ಇವೆ. ನಿಯಮ ಕೇಳೋದು ಟಿಸಿಎಲ್‌ಪಿ ಒಂದನ್ನೇ.

ಕಾನೂನುಕಟ್ಟೆ: ಇಲ್ಲಿ ಗೇರ್ ಸಾಹೇಬರ ಪರವಾಗಿ ಒಂದು ತೀರ್ಪು ಇದೆ, ಅವರಿಗೇ ಗೊತ್ತಿಲ್ಲ. ಅಲ್ಯೂಮಿನಿಯಂ ಕರಗಿಸೋ ತೊಟ್ಟಿಗಳ ಹಳೇ ಒಳಪದರ, ಅಪಾಯಕಾರಿ ತ್ಯಾಜ್ಯಗಳ ಪಟ್ಟಿಯಲ್ಲಿ ಅದರ ಹೆಸರು ಕೆ088. ಸೈನೈಡು, ಫ್ಲೋರೈಡು, ಆರ್ಸೆನಿಕ್ ಎಲ್ಲ ಅದರಲ್ಲಿದೆ. ಅರ್ಕಾನ್ಸಾಸ್‌ನ ಒಂದು ಘಟಕದಲ್ಲಿ ಅದನ್ನು ಸಂಸ್ಕರಿಸಿ ಹೂತರು. ಗುಂಡಿಯಿಂದ ಬಂದ ಸೋರುನೀರಿನಲ್ಲಿ ಆರ್ಸೆನಿಕ್, ಫ್ಲೋರೈಡು ಪರೀಕ್ಷೆ ಹೇಳಿದ್ದಕ್ಕಿಂತ ತುಂಬಾ ಜಾಸ್ತಿ. ಗುಂಡಿ ಕ್ಷಾರದ್ದು, ಪರೀಕ್ಷೆ ಆಮ್ಲದ್ದು. 1998ರಲ್ಲಿ ಕೋರ್ಟು ಆ ಮಾನದಂಡವನ್ನು ರದ್ದು ಮಾಡಿತು.

ನಾಲ್ಕನೇ ಗೇರ್: "ಅವರಿಗೇ ಗೊತ್ತಿಲ್ಲ" ಅಂತ ಯಾಕೆ ಸೇರಿಸಿದಿರಿ? ನನಗೆ ಏನು ಗೊತ್ತು ಏನು ಗೊತ್ತಿಲ್ಲ ಅಂತ ಅಳೆಯೋಕೆ ನಿಮ್ಮ ಹತ್ತಿರ ಯಾವ ಪರೀಕ್ಷೆ ಇದೆ?

ಕಾನೂನುಕಟ್ಟೆ: ನಿಮ್ಮ ಪರವಾಗಿಯೇ ಮಾತಾಡಿದೆ ಮಾರಾಯ್ರೆ.

ಲ್ಯಾಬ್‌ಕೋಟು: ಆ ತೀರ್ಪು ಸೀಸಕ್ಕೆ ಸಂಬಂಧಪಟ್ಟಿದ್ದಲ್ಲ. ಒಂದು ತ್ಯಾಜ್ಯಕ್ಕೆ, ಒಂದು ಜಾಗಕ್ಕೆ ಪರೀಕ್ಷೆ ಹೊಂದಲಿಲ್ಲ ಅಂತ ಅಷ್ಟೇ. ಟಿಸಿಎಲ್‌ಪಿ ಸುಳ್ಳು ಅಂತ ಅದರಲ್ಲಿ ಎಲ್ಲೂ ಇಲ್ಲ.

ಕರಿಬೆಕ್ಕು: ನನ್ನ ಪ್ರಶ್ನೆ ಎಲ್ಲೋ ಕಳೆದುಹೋಯಿತು. ಕಲುಷಿತ ಮಣ್ಣಿಗೆ 1998ರಲ್ಲಿ ಬೇರೆ ಲೆಕ್ಕ ಕೊಟ್ಟಿದ್ದಾರೆ, ಗೊತ್ತಾ? ಶೇ 90 ಇಳಿಸಿ, ಇಲ್ಲ ಮಾಮೂಲಿ ಮಟ್ಟದ ಹತ್ತು ಪಟ್ಟಿಗೆ ತನ್ನಿ, ಸಾಕು. ಸೀಸಕ್ಕೆ ಹತ್ತು ಪಟ್ಟು ಅಂದರೆ 7.5. ಮಣ್ಣಿನಲ್ಲಿರೋ ಸೀಸ ಸಾಧು, ಕಾರ್ಖಾನೆಯಿಂದ ಬಂದ ಸೀಸ ರಾಕ್ಷಸನಾ?

ವಸುಧಾ: ಯಾಕೆ ಕೊಟ್ಟರು ಅನ್ನೋದನ್ನೂ ಹೇಳಿ. ಬಿಗಿ ಮಟ್ಟ ಇಟ್ಟಿದ್ದಕ್ಕೆ ಜನ ಹಳೇ ಕಲುಷಿತ ಮಣ್ಣನ್ನು ಅಗೆಯೋಕೇ ಹೋಗುತ್ತಿರಲಿಲ್ಲ, ಇದ್ದಲ್ಲೇ ಬಿಡುತ್ತಿದ್ದರು. ಅಗೆದು ಶುದ್ಧ ಮಾಡಲಿ ಅಂತ ಸಡಿಲ ಬಿಟ್ಟರು. 7.5 ಬಂದ ಮಣ್ಣು ಆಗಲೂ ಅಪಾಯಕಾರಿ ತ್ಯಾಜ್ಯವೇ. ಅದನ್ನು ನಿಮ್ಮ ಪ್ರೀತಿಯ ಎರಡು ಲೈನರ್ ಗುಂಡಿಗೇ ಹಾಕಬೇಕು.

ಕರಿಬೆಕ್ಕು: ಅಂದರೆ 7.5 ಇರೋದನ್ನು ಎರಡು ಲೈನರ್ ಗುಂಡಿ ತಡೆಯುತ್ತೆ. ನಾನು ಮೊದಲನೇ ಸಾಲಿನಿಂದ ಹೇಳುತ್ತಿರೋದು ಅದೇ! ಮಣ್ಣಿಗೆ ತಡೆಯೋ ಗುಂಡಿ ನನ್ನ 5.1ಕ್ಕೆ ತಡೆಯಲ್ವಾ?

ವಸುಧಾ: ಶೇ 90 ಸಂಸ್ಕರಿಸಿದ ಮೇಲೂ ಬಂದ 7.5 ಬೇರೆ, ಏನೂ ಮಾಡದೆ ಲಾರಿಯಿಂದ ಸುರಿದ 5.1 ಬೇರೆ.

ಕರಿಬೆಕ್ಕು: ನೆಲದೊಳಗಿನ ನೀರಿಗೆ ಆ ವ್ಯತ್ಯಾಸ ಗೊತ್ತಾಗುತ್ತಾ?

ಸುಮ್ನಿರೋನು: ಈ ರೌಂಡು ಬೆಕ್ಕಿಗೆ.

ಕಾನೂನುಕಟ್ಟೆ: ಕಾಂಗ್ರೆಸ್ ನೀರಿನ ಹತ್ತಿರ ಕೇಳಿ ಕಾನೂನು ಬರೆಯಲಿಲ್ಲ. ಕೆಲವು ತ್ಯಾಜ್ಯಗಳಿಗೆ 1990ರ ಮೇ 8ರೊಳಗೆ ಇಪಿಎ ಮಾನದಂಡ ಕೊಡದಿದ್ದರೆ ಹೂಳೋದೇ ಪೂರ್ತಿ ನಿಷೇಧ ಅಂತ ಗಡುವು ಹಾಕಿತ್ತು. ಎಷ್ಟು ಅಪನಂಬಿಕೆ ಇತ್ತು ಅಂತ ಅದರಲ್ಲೇ ಗೊತ್ತಾಗುತ್ತೆ.

ಕರಿಬೆಕ್ಕು: ಅಪನಂಬಿಕೆ ಅಂತ ನೀವೇ ಅಂದಿರಿ. ವಿಜ್ಞಾನ ಅನ್ನಲಿಲ್ಲ.

ಲ್ಯಾಬ್‌ಕೋಟು: ಯಾರಾದರೂ ಫಾಸ್ಫೇಟ್ ಬಗ್ಗೆ ಉತ್ತರ ಕೊಡುತ್ತೀರಾ? ಅದರಲ್ಲಿ ಮೋಸ ಎಲ್ಲಿದೆ ಅಂತ ಯಾರೂ ತೋರಿಸಲಿಲ್ಲ.

ನಾಲ್ಕನೇ ಗೇರ್: ಫಾಸ್ಫೇಟ್ ಆರ್ಸೆನಿಕ್ ಇರೋ ಕಸಕ್ಕೆ ಹಾಕಿ ನೋಡಿ. ಆರ್ಸೆನಿಕ್ ಕೂತಿರೋ ಜಾಗದಲ್ಲಿ ಫಾಸ್ಫೇಟ್ ಬಂದು ಕೂರುತ್ತೆ, ಅದು ಎದ್ದು ಹೊರಗೆ ಬರುತ್ತೆ. ಆಮೇಲೆ ಮಾತಾಡೋಣ.

ಲ್ಯಾಬ್‌ಕೋಟು: ನಾವು ಮಾತಾಡುತ್ತಿರೋದು ಸೀಸದ ಬಗ್ಗೆ!

ನಾಲ್ಕನೇ ಗೇರ್: ನೀವು ಸೀಸದ ಬಗ್ಗೆ. ನಾನು ಕಸದ ಬಗ್ಗೆ.