ಇಳಿಜಾರಿನ ಅಂಗಳ: ಕೆಳಸಾಲಿನ ಲ್ಯಾವೆಂಡರ್ ಮಾತ್ರ ಸಾಯುತ್ತಿದೆ

ಇಳಿಜಾರುಮನೆ:
ನಮ್ಮ ಮನೆ ದಿಬ್ಬದ ಮೇಲಿದೆ, ಗೇಟು ಕೆಳಗಿದೆ. ನಡುವಿನ ಅಂಗಳ 22 ಮೀಟರ್ ಅಗಲ, 14 ಮೀಟರ್ ಉದ್ದ. ಅಷ್ಟರಲ್ಲೇ ನೆಲ ಮೂರೂವರೆ ಮೀಟರ್ ಇಳಿಯುತ್ತದೆ. ಹುಲ್ಲು ಕತ್ತರಿಸುವ ಯಂತ್ರದ ಹಿಂದೆ ಜಾರಿ ಜಾರಿ ಸಾಕಾಗಿ ಕಳೆದ ವರ್ಷ ಹುಲ್ಲುಹಾಸನ್ನೆಲ್ಲ ಕಿತ್ತುಹಾಕಿದೆ. ಮೆಡಿಟರೇನಿಯನ್ ಶೈಲಿಯ ತೋಟಕ್ಕೆ ನೀರೂ ಕಡಿಮೆ, ಆರೈಕೆಯೂ ಕಡಿಮೆ ಎಂದು ಓದಿದ್ದೆ. ಮೇಲೆ ಒಂದು ಆಲಿವ್ ಮರ, ನಡುವೆ ರೋಸ್‌ಮೇರಿ ಮತ್ತು ಬೂದು ಎಲೆಯ ಕುಳ್ಳ ಪೊದೆ ಸ್ಯಾಂಟೋಲಿನಾ, ಕೆಳಗೆ 40 ಲ್ಯಾವೆಂಡರ್, ಗೇಟಿನ ಎರಡೂ ಪಕ್ಕ ಸೈಪ್ರೆಸ್. ಕಳೆ ಬರಬಾರದೆಂದು ನೆಲಕ್ಕೆಲ್ಲ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಬಿಳಿ ಉರುಟುಕಲ್ಲು.

ಈಗ 40 ಲ್ಯಾವೆಂಡರ್‌ಗಳಲ್ಲಿ 17 ಹೋಗಿವೆ. ಬೂದುಬಣ್ಣಕ್ಕೆ ತಿರುಗಿ ಜೋಲುತ್ತವೆ. ನೀರು ಹೆಚ್ಚಿಸಿದರೆ ಇನ್ನೂ ಬೇಗ ಸಾಯುತ್ತವೆ. ಗೊಬ್ಬರವನ್ನೂ ಕೊಟ್ಟು ನೋಡಿದೆ. ಅದೇ ಹನಿ ನೀರಾವರಿ ಕೊಳವೆಯ ನೀರು ಕುಡಿಯುವ ಮೇಲಿನ ರೋಸ್‌ಮೇರಿ ಮಾತ್ರ ಬಾಯಾರಿದಂತಿದೆ. ಉರುಟುಕಲ್ಲು ಪ್ರತಿ ಮಳೆಗೂ ಗೇಟಿನ ಬಳಿ ಬಂದು ರಾಶಿ ಬೀಳುತ್ತದೆ. ಅದನ್ನು ಮತ್ತೆ ಮೇಲಕ್ಕೆ ಹೊರುವುದರಲ್ಲೇ ನನ್ನ ಭಾನುವಾರಗಳು ಮುಗಿಯುತ್ತಿವೆ. ಗೇಟಿನ ಪಕ್ಕದ 70 ಸೆಂಟಿಮೀಟರ್ ಎತ್ತರದ ಸಿಮೆಂಟ್ ತಡೆಗೋಡೆಯೂ ಹೊಟ್ಟೆ ಉಬ್ಬಿಸಿಕೊಂಡು ನಿಂತಿದೆ. ಮೂರಕ್ಕೂ ಮದ್ದು ಬೇಕು.

ಒಣಕಲ್ಲು:
ಮೂರೂ ಒಂದೇ ರೋಗ ಎಂದು ನನ್ನ ಗುಮಾನಿ. ಗೊಬ್ಬರವನ್ನು ಇವತ್ತೇ ನಿಲ್ಲಿಸಿ, ಲ್ಯಾವೆಂಡರ್ ಬಡಮಣ್ಣಿನ ಗಿಡ. ಸತ್ತ ಗಿಡವೊಂದನ್ನು ಸುತ್ತ ಅಗೆದು ಬೇರುಸಹಿತ ಎತ್ತಿ ಬುಡ ನೋಡಿ. ಅಲ್ಲೇ 30 ಸೆಂಟಿಮೀಟರ್ ಆಳದ ಗುಂಡಿ ತೋಡಿ ನೀರು ತುಂಬಿಸಿ, ಅದು ಇಂಗಿದ ಮೇಲೆ ಮತ್ತೆ ತುಂಬಿಸಿ ಗಂಟೆಗೆ ಎಷ್ಟು ಇಳಿಯುತ್ತದೆ ಎಂದು ಅಳೆಯಿರಿ. ಎರಡೂವರೆ ಸೆಂಟಿಮೀಟರಿಗಿಂತ ಕಡಿಮೆಯಾದರೆ ಈ ಗಿಡಗಳಿಗೆ ಅದು ನೆಲವಲ್ಲ, ಬಾವಿ. ಇನ್ನೊಂದು ಪ್ರಶ್ನೆ: ಚಾವಣಿಯ ಮಳೆನೀರು ಎಲ್ಲಿ ಬೀಳುತ್ತದೆ?

ಹನಿಕೊಳವೆ:
ನಲ್ಲಿ ನಿಲ್ಲಿಸಿದ ಮೇಲೆ ಕೆಳಸಾಲಿನ ಡ್ರಿಪ್ಪರ್‌ಗಳ (ಕೊಳವೆಯಿಂದ ಹನಿ ಬಿಡುವ ಬಿಲ್ಲೆಗಳ) ಪಕ್ಕ ಸ್ವಲ್ಪ ಹೊತ್ತು ಕುಳಿತು ನೋಡಿ. ಏನು ಕಂಡಿತೆಂದು ಬರೆಯಿರಿ.

ಇಳಿಜಾರುಮನೆ:
ಬುಡದ ತೊಗಟೆ ಒದ್ದೆ ಕಾಗದದಂತೆ ಬೆರಳಿಗೇ ಕಳಚಿ ಬಂತು. ಒಳಗೆಲ್ಲ ಕಂದು, ಹುಳಿ ವಾಸನೆ. ಬೇರು ಇನ್ನೂ ಕುಂಡದ ಆಕಾರದಲ್ಲೇ ಇದೆ, ಹೊರಗೆ ಒಂದಿಂಚೂ ಹೋಗಿಲ್ಲ. ಗುಂಡಿಯನ್ನು ಎರಡನೆಯ ಸಲ ತುಂಬಿಸುವ ಪ್ರಸಂಗವೇ ಬರಲಿಲ್ಲ, ಮೊದಲ ನೀರೇ ಮರುದಿನವೂ ನಿಂತಿತ್ತು. ಪ್ಲಾಸ್ಟಿಕ್ ಎತ್ತಿದರೆ ಕೆಳಗಿನ ಜೇಡಿಮಣ್ಣು ನೆನೆದ ಸಾಬೂನಿನಂತಿದೆ. ನಲ್ಲಿ ನಿಲ್ಲಿಸಿ 25 ನಿಮಿಷವಾದರೂ ಕೆಳಗಿನ ಡ್ರಿಪ್ಪರ್‌ಗಳು ತೊಟ್ಟಿಕ್ಕುತ್ತಲೇ ಇದ್ದವು. ಚಾವಣಿಯ ಎರಡು ಕೊಳವೆಗಳೂ ಆಲಿವ್ ಮರದ ಪಕ್ಕದಲ್ಲಿ ನೆಲಕ್ಕೇ ಬಿಟ್ಟಿವೆ. ಬರೆಯಲು ನಾಚಿಕೆಯಾಗುತ್ತಿದೆ.

ಹನಿಕೊಳವೆ:
ನಾಚಿಕೆ ಬೇಡ, ಇದು ಇಳಿಜಾರಿನಲ್ಲಿ ಎಲ್ಲರೂ ಒಮ್ಮೆ ಮಾಡುವ ತಪ್ಪು. ನಲ್ಲಿ ನಿಂತ ಮೇಲೆ ಕೊಳವೆಯಲ್ಲಿ ಉಳಿದ ನೀರೆಲ್ಲ ಅತ್ಯಂತ ತಗ್ಗಿನ ಡ್ರಿಪ್ಪರ್‌ನಿಂದ ಸುರಿದು ಹೋಗುತ್ತದೆ. ಜೊತೆಗೆ ಪ್ರತಿ ಹತ್ತು ಮೀಟರ್ ಎತ್ತರಕ್ಕೆ ಹತ್ತಿರ ಹತ್ತಿರ ಒಂದು ಬಾರ್ ಒತ್ತಡ. ನಿಮ್ಮ ಮೂರೂವರೆ ಮೀಟರಿಗೆ ಕೆಳಗಿನವರಿಗೆ ಮೂರನೇ ಒಂದು ಬಾರ್ ಹೆಚ್ಚು. ಹೀಗಾಗಿ ಕೆಳಗಿನ ಗಿಡ ಮುಳುಗುತ್ತದೆ, ಮೇಲಿನದು ಒಣಗುತ್ತದೆ. ಮೇಲಿಂದ ಕೆಳಕ್ಕೆ ಹರಿದಿರುವ ಕೊಳವೆ ತೆಗೆದು, ಇಳಿಜಾರಿಗೆ ಅಡ್ಡಲಾಗಿ, ಸಮಮಟ್ಟದಲ್ಲಿ ಸಾಲು ಸಾಲಾಗಿ ಎಳೆಯಿರಿ. ಒತ್ತಡ ಸರಿದೂಗಿಸುವ, ನಲ್ಲಿ ನಿಂತೊಡನೆ ಮುಚ್ಚಿಕೊಳ್ಳುವ ತಡೆಕವಾಟ ಒಳಗಿರುವ ಡ್ರಿಪ್ಪರ್ ಹಾಕಿ. ಲ್ಯಾವೆಂಡರ್ ಸಾಲಿಗೆ ಬೇರೆ ಕವಾಟವಿರಲಿ. ಬೇರು ಹಿಡಿದ ಮೇಲೆ ಅದನ್ನು ತೆರೆಯುವ ಅಗತ್ಯವೇ ಅಪರೂಪ.

ಒಣಕಲ್ಲು:
ಡ್ರಿಪ್ಪರ್ ಸಣ್ಣ ಕಳ್ಳ, ಚಾವಣಿ ದೊಡ್ಡ ಕಳ್ಳ. ಮೊದಲು ಆ ನೀರನ್ನು ಮುಚ್ಚಿದ ಕೊಳವೆಯಲ್ಲಿ ಅಂಗಳದ ಒಂದು ಅಂಚಿನಿಂದ ಕೆಳಗಿಳಿಸಿ ಹೊರಗೆ ಹಾಕಿ. ಆಮೇಲೆ ಪ್ಲಾಸ್ಟಿಕ್ ಹಾಳೆಯನ್ನು ಪೂರ್ತಿ ತೆಗೆಯಿರಿ. ನೀವು ಕಳೆಗೆಂದು ಹಾಸಿದ್ದು ಕಲ್ಲಿಗೆ ಜಾರುಬಂಡಿಯಾಗಿದೆ. ಉರುಟುಕಲ್ಲಿನ ಜಾಗಕ್ಕೆ ಚೂಪು ಮೂಲೆಯ ಒಡೆದ ಜಲ್ಲಿ ಹಾಕಿ, ಐದರಿಂದ ಏಳು ಸೆಂಟಿಮೀಟರ್ ದಪ್ಪಕ್ಕೆ. ಒಂದರ ಮೂಲೆ ಇನ್ನೊಂದಕ್ಕೆ ಸಿಕ್ಕಿಕೊಂಡು ಅದು ನಿಲ್ಲುತ್ತದೆ. ಉರುಟುಕಲ್ಲನ್ನು ಎಸೆಯಬೇಡಿ, ಗೇಟಿನ ಬಳಿಯ ಸಮತಟ್ಟಿಗೆ ಚೆನ್ನಾಗಿದೆ.

ಗೋಡೆ ಉಬ್ಬಿರುವುದು ಹಿಂದೆ ನೀರು ನಿಂತು ತಳ್ಳುತ್ತಿರುವುದರಿಂದ. ಅದರಲ್ಲಿ ಒಂದಾದರೂ ಬಸಿರಂಧ್ರ, ಅಂದರೆ ಹಿಂದಿನ ನೀರು ಬಸಿದು ಹೋಗುವ ತೂತು, ಇದೆಯೇ? ಇರಲಾರದು. ನಾನಾದರೆ ಬಿಚ್ಚಿ, ಗಾರೆಯಿಲ್ಲದೆ ಕಟ್ಟುತ್ತೇನೆ. ಒಣಗೋಡೆ ಎಂದು ಮೂಗು ಮುರಿಯಬೇಡಿ: ಸ್ಪೇನ್‌ನಿಂದ ಸೈಪ್ರಸ್‌ವರೆಗೆ ಎಂಟು ದೇಶಗಳ ಈ ಕಲೆಯನ್ನು ಯುನೆಸ್ಕೊ 2018ರಲ್ಲಿ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು, ಆ ಕಡೆಯ ಎಷ್ಟೋ ಆಲಿವ್ ತೋಪುಗಳು ನಿಂತಿರುವುದೇ ಇಂಥ ಗೋಡೆಗಳ ಆಸರೆಯಲ್ಲಿ. ಸಂದಿಯೇ ಅದರ ಬಸಿರಂಧ್ರ. ತಳದ ಅಗಲ ಎತ್ತರದ ಅರ್ಧದಷ್ಟಾದರೂ ಇರಲಿ. ದೊಡ್ಡ ಕಲ್ಲು ತಳಕ್ಕೆ, ಕಲ್ಲಿನ ಉದ್ದ ಗೋಡೆಯ ಒಳಕ್ಕೆ. ಪ್ರತಿ ಆರು ಸೆಂಟಿಮೀಟರ್ ಏರಿದಂತೆ ಒಂದು ಸೆಂಟಿಮೀಟರ್ ದಿಬ್ಬದ ಕಡೆ ವಾಲಿಸಿ. ಒಂದು ಕಲ್ಲಿಟ್ಟ ಮೇಲೆ ಅಂಗೈಯಿಂದ ಒತ್ತಿ ನೋಡಿ. ಅಲುಗಿದರೆ ಹಿಂದಿನಿಂದ ಚೂರುಕಲ್ಲಿನ ಬೆಣೆ ಹಾಕಿ, ಮುಂದಿನಿಂದ ಎಂದೂ ಬೇಡ, ಅದು ಉದುರುತ್ತದೆ. ಗೋಡೆಯ ಹಿಂದೆ ಒಂದಡಿ ಬರೀ ಜಲ್ಲಿ, ಜಲ್ಲಿಗೂ ಮಣ್ಣಿಗೂ ನಡುವೆ ನೀರು ಬಿಡುವ ಬಟ್ಟೆ.

ಇಳಿಜಾರುಮನೆ:
ಹಾಗಾದರೆ ಇಡೀ ಅಂಗಳವನ್ನೇ ಮೆಟ್ಟಿಲು ಮೆಟ್ಟಿಲಾಗಿ ಕಡಿದುಬಿಡಲೇ?

ಒಣಕಲ್ಲು:
ಬೇಡ. ನಿಮ್ಮದು ನಾಲ್ಕಕ್ಕೆ ಒಂದರ ಇಳಿಜಾರು, ಅಂದರೆ ನಾಲ್ಕು ಮೀಟರ್ ಸಾಗಿದರೆ ಒಂದು ಮೀಟರ್ ಇಳಿತ. ಮೂರಕ್ಕೆ ಒಂದರವರೆಗೆ ಗಿಡದ ಬೇರೇ ಮಣ್ಣು ಹಿಡಿಯುತ್ತದೆ, ಎರಡಕ್ಕೆ ಒಂದಾದಾಗ ಗೋಡೆ ಬೇಕೇ ಬೇಕು. ನಡುವೆ ಮೊಣಕಾಲೆತ್ತರದ ಇನ್ನೊಂದು ಗೋಡೆ ಸಾಕು, ಅದರ ಮೇಲಿಂದ ತೆವಳುವ ರೋಸ್‌ಮೇರಿಯನ್ನು ಇಳಿಬಿಡಿ. 1.2 ಮೀಟರ್ ಮೀರುವ ಗೋಡೆಯಾದರೆ ನನ್ನ ಮಾತು ಬಿಟ್ಟು ಎಂಜಿನಿಯರ್ ಮಾತು ಕೇಳಿ.

ಹೊಸ ಲ್ಯಾವೆಂಡರ್‌ಗೆ ಗುಂಡಿ ತೋಡಲೇಬೇಡಿ. ಜೇಡಿನೆಲದಲ್ಲಿ ಗುಂಡಿ ತೋಡಿ ಒಳ್ಳೆಯ ಮಣ್ಣು ತುಂಬಿದರೆ ಅದು ನೀರು ಹಿಡಿಯುವ ಬಟ್ಟಲಾಗುತ್ತದೆ. ಮೇಲೆಯೇ ಜಲ್ಲಿ ಬೆರೆಸಿದ ಮಣ್ಣಿನ 20 ಸೆಂಟಿಮೀಟರ್ ಏರಿ ಮಾಡಿ, ಬುಡ ಎತ್ತರದಲ್ಲಿರುವಂತೆ ನೆಡಿ. ದೊಡ್ಡ ಗಿಡಕ್ಕಿಂತ ಅಂಗೈಯಷ್ಟು ಸಣ್ಣ ಗಿಡ ಬೇಗ ಬೇರು ಬಿಡುತ್ತದೆ. ನಿಮ್ಮಲ್ಲಿ ಬೇಸಿಗೆ ಸೆಖೆಯದಾಗಿದ್ದರೆ ಇಂಗ್ಲಿಷ್ ಲ್ಯಾವೆಂಡರ್ ಎನ್ನುವ ಅಂಗುಸ್ಟಿಫೋಲಿಯಾ ಜಾತಿ ಬಿಟ್ಟು ಹಲ್ಲಂಚಿನ ಎಲೆಯ ಡೆಂಟಾಟಾ ಜಾತಿ ತನ್ನಿ, ಅದು ತೇವಗಾಳಿಯನ್ನು ಸಹಿಸುತ್ತದೆ.

ಇಳಿಜಾರುಮನೆ (ಮೂರು ತಿಂಗಳ ನಂತರ):
ಚಾವಣಿ ನೀರು ಬೇರೆ ದಾರಿ ಹಿಡಿಯಿತು, ಹಾಳೆ ಹೋಯಿತು, ಗೋಡೆಯನ್ನು ಎರಡು ಸಲ ಬಿಚ್ಚಿ ಮೂರನೇ ಸಲ ಕಟ್ಟಿದೆ. ಮೊನ್ನೆಯ ಜೋರು ಮಳೆಯಲ್ಲಿ ಛತ್ರಿ ಹಿಡಿದು ನಿಂತು ನೋಡಿದೆ: ತಳದ ಸಂದಿಗಳಿಂದ ತಿಳಿನೀರು ಸಣ್ಣಗೆ ಒಸರುತ್ತಿತ್ತು, ಜಲ್ಲಿ ಕದಲಲಿಲ್ಲ. ಹೊಸ ಲ್ಯಾವೆಂಡರ್ ಎಲ್ಲವೂ ಚಿಗುರಿವೆ. ಒಂದು ಸೈಪ್ರೆಸ್‌ನಲ್ಲಿ ಮಾತ್ರ ಒಂದು ಕೊಂಬೆ ಕೆಂಪಾಗಿ, ಆ ಕೊಂಬೆಯ ಬುಡದ ಹತ್ತಿರ ರಾಳ ಸುರಿದಿದೆ. ಇದೂ ನೀರಿನ ಕಾಟವೇ?

ಒಣಕಲ್ಲು:
ಅಲ್ಲ, ಅದು ತೊಗಟೆಯನ್ನು ಕೊಲ್ಲುವ ಕ್ಯಾಂಕರ್ ಶಿಲೀಂಧ್ರದಂತೆ ಕಾಣುತ್ತದೆ. ಸಿಂಪಡಿಸಿ ವಾಸಿ ಮಾಡುವ ಔಷಧಿಯಿಲ್ಲ. ಒಣಹವೆಯಲ್ಲಿ, ಕಲೆ ಮುಗಿದು ಶುದ್ಧ ಮರ ಕಾಣುವವರೆಗೆ ಹಿಂದಕ್ಕೆ ಕತ್ತರಿಸಿ ಸುಟ್ಟುಬಿಡಿ. ಪ್ರತಿ ಕಡಿತಕ್ಕೂ ಗರಗಸವನ್ನು ಸ್ಪಿರಿಟ್‌ನಲ್ಲಿ ಒರೆಸಿ. ಕಾಂಡಕ್ಕೇ ಹತ್ತಿದ್ದರೆ ಇನ್ನೊಂದು ಮರಕ್ಕೆ ದಾಟುವ ಮೊದಲು ಇದನ್ನು ಕಡಿಯುವುದೇ ಲೇಸು. ಕಾಂಡದ ಚಿತ್ರ ಹಾಕಿ, ನೋಡೋಣ.